ಬರೆಯದೆ ಬರೆದೆ ಎನ್ನಲಾರೆ

ಎಷ್ಟು ಹಿಡಿಯುತ್ತೆ?

ನನ್ನನ್ನು ಕೈಗೆತ್ತಿಕೊಂಡವರೆಲ್ಲ ಮೊದಲು ಕೇಳಿದ್ದು ಇದನ್ನೇ. ಇದು ಕೊಡಪಾನಕ್ಕೆ ಕೇಳಬೇಕಾದ ಪ್ರಶ್ನೆ. ನಾನು ಕೊಡಪಾನವಲ್ಲ, ಹಾರ್ಡ್ ಡಿಸ್ಕ್. ಅದರಲ್ಲೂ ಚಿಕ್ಕದು. ಮದುವೆಯ ವಿಡಿಯೊಗಳನ್ನು ಹೊಟ್ಟೆ ತುಂಬ ತುಂಬಿಕೊಂಡು ಮೂಲೆಯಲ್ಲಿ ಮಲಗುವ ದೊಡ್ಡ ಡಿಸ್ಕುಗಳು ಬೇರೆ ಇವೆ. ಜಾಗ ಬೇಕಾದವರು ಅವುಗಳ ಬಳಿ ಹೋಗಲಿ. ನನ್ನಿಂದ ಆಗುವ ಕೆಲಸ ಬೇರೆ.

ನಾನು ಹುಟ್ಟಿದ ಕೋಣೆಯೊಳಗೆ ಧೂಳಿಗೆ ಪ್ರವೇಶವಿರಲಿಲ್ಲ. ಕಣ್ಣು ಬಿಟ್ಟು ಉಳಿದೆಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಮುಚ್ಚಿಕೊಂಡ ಹೆಂಗಸರು ನನ್ನ ತಟ್ಟೆಗಳನ್ನು ಒಂದರ ಮೇಲೊಂದು ಕೂರಿಸಿದರು. ತಟ್ಟೆಗಳು ಕನ್ನಡಿಗಿಂತ ನುಣುಪು. ಅವುಗಳ ಮೇಲೆ, ತೋಳಿನ ತುದಿಯಲ್ಲಿ, ಒಂದು ಪುಟ್ಟ ತಲೆ ತೇಲುತ್ತದೆ. ತೇಲುತ್ತಲೇ ಬರೆಯುತ್ತದೆ, ತೇಲುತ್ತಲೇ ಓದುತ್ತದೆ. ತಟ್ಟೆಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ತಟ್ಟೆಯೂ ಹೋಯಿತು, ತಲೆಯೂ ಹೋಯಿತು. ಇಂಥ ಬದುಕನ್ನು ಯಾರೂ ಕೇಳಿ ಪಡೆಯುವುದಿಲ್ಲ, ನಾನೂ ಕೇಳಿರಲಿಲ್ಲ. ಆದರೆ ಮೊದಲ ಸಲ ವಿದ್ಯುತ್ ಹರಿಸಿದಾಗ ನನ್ನ ತಟ್ಟೆಗಳು ತಿರುಗಿದ ರಭಸಕ್ಕೆ ಪರೀಕ್ಷೆ ಮಾಡುವವಳು ಕೈಯನ್ನು ಸ್ವಲ್ಪ ಹಿಂದೆ ಎಳೆದುಕೊಂಡಳು. ಅವತ್ತೇ ನನಗೆ ನನ್ನ ಬೆಲೆ ಗೊತ್ತಾಯಿತು.

ಸಮುದ್ರ ದಾಟಿ, ಗೋದಾಮು ದಾಟಿ, ಕೊನೆಗೆ ಶೆಣೈ ಎಂಬ ಸರಬರಾಜುದಾರನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೈರನಕೋಟೆಯ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬಂದೆ. ನನ್ನಂಥವೇ ಇನ್ನೂ ಏಳು ನನ್ನ ಜೊತೆಗಿದ್ದವು. ಹಿಂದೆ ತಕ್ಕಡಿ ಇಡುತ್ತಿದ್ದ ಕೋಣೆಗೆ ಏಸಿ ಹಾಕಿಸಿ ಸರ್ವರ್ ಕೋಣೆ ಮಾಡಿದ್ದರು. ಗೋಡೆಯ ಆಚೆ ಹರಾಜಿನ ಹಾಲ್. ಹಸಿ ಗೂಡಿನ ವಾಸನೆ ಏಸಿಗೂ ಜಗ್ಗುವುದಿಲ್ಲ ಎಂದು ಬಂದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮೂಗಿಲ್ಲ, ಕಣ್ಣಿಲ್ಲ. ದನಿ ಮಾತ್ರ ತಗಲುತ್ತದೆ. ಯಾರಾದರೂ ಜೋರಾಗಿ ಕೂಗಿದರೆ ನನ್ನ ತಲೆ ನಡುಗಿ ಬರಹ ತಡವಾಗುತ್ತದೆ. ಆದ್ದರಿಂದ ಆ ಹಾಲ್‌ನಲ್ಲಿ ಯಾರು ಯಾರ ಮೇಲೆ ಕೂಗಾಡಿದರು ಎಂಬುದು ನನಗೆ ಗೊತ್ತಿದ್ದಷ್ಟು ಮಾರುಕಟ್ಟೆಯ ಉಪನಿರ್ದೇಶಕ ತಿಪ್ಪೇರುದ್ರಯ್ಯನವರಿಗೂ ಗೊತ್ತಿರಲಿಲ್ಲ.

ಆ ಹಾಲ್‌ನಲ್ಲಿ ಮೊದಲೆಲ್ಲ ಟವೆಲ್ ವ್ಯಾಪಾರ. ಗೂಡು ತಂದ ರೈತ ಮತ್ತು ನೂಲು ಬಿಚ್ಚುವ ರೀಲರ್ ಎದುರು ಬದುರು ನಿಲ್ಲುತ್ತಾರೆ. ಇಬ್ಬರ ಕೈ ಮೇಲೆ ಒಂದು ಟವೆಲ್ ಬೀಳುತ್ತದೆ. ಅದರ ಕೆಳಗೆ ಬೆರಳು ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಪಕ್ಕದವನಿಗೆ ಏನೂ ತಿಳಿಯದು. ಎಷ್ಟೋ ತಲೆಮಾರು ಹೀಗೇ ನಡೆಯಿತು. ಆಮೇಲೆ ಕಂಪ್ಯೂಟರ್ ಹರಾಜು ಬಂತು. ರೀಲರ್ ತನ್ನ ಫೋನಿನಲ್ಲಿ ಬಿಡ್ ಒತ್ತಬೇಕು. ಅದು ಸರ್ವರ್ ತಲುಪಿ, ಡಿಸ್ಕಿನ ಮೇಲೆ ಬರಹವಾದ ನಂತರ ಫೋನಿನಲ್ಲಿ ಹಸಿರು ಟಿಕ್ಕು ಬೀಳುತ್ತದೆ. ಟಿಕ್ಕು ಬಿದ್ದರೆ ಮಾತು ಕೊಟ್ಟ ಹಾಗೆ. ಆ ಮಾತಿಗೆ ಹೊಣೆ ನಾನು.

ಈ ಇಡೀ ಏರ್ಪಾಟನ್ನು ನೋಡಿಕೊಳ್ಳುತ್ತಿದ್ದವಳು ಸಿಸ್ಟಮ್ ಅಧಿಕಾರಿ ಜಬೀನ್. ಅದೇ ಊರಿನ ರೀಲರ್ ಮನೆತನದ ಹುಡುಗಿ. ಅವಳ ಖಾಲಾ, ಅಂದರೆ ತಾಯಿಯ ತಂಗಿ, ಖೈರುನ್ನೀಸಾ ಗಂಡ ತೀರಿಕೊಂಡ ಮೇಲೆ ನೂಲು ತೆಗೆಯುವ ಘಟಕವನ್ನು ತಾನೇ ನಡೆಸುತ್ತಿದ್ದಳು. ಮಧ್ಯಾಹ್ನದ ಹೊತ್ತು ಆಕೆ ಬುತ್ತಿ ಹಿಡಿದು ಸರ್ವರ್ ಕೋಣೆಗೆ ಬರುತ್ತಿದ್ದಳು. ಅಕ್ಕನ ಮಗಳ ಮೇಲಿನ ಪ್ರೀತಿ ಅರ್ಧ, ಏಸಿ ಅರ್ಧ. ಒಳಗೆ ಊಟ ತರಬಾರದು ಎಂದು ಬಾಗಿಲ ಮೇಲೆ ಜಬೀನ್ ತಾನೇ ಅಂಟಿಸಿದ್ದ ಚೀಟಿಯ ಕೆಳಗೇ ಇಬ್ಬರೂ ಕೂತು ತಿನ್ನುತ್ತಿದ್ದರು.

ನಮ್ಮನ್ನು ಜೋಡಿಸಿದ್ದು ಶೆಣೈ. ಎಂಟೂ ಡಿಸ್ಕುಗಳನ್ನು ಒಂದೇ ಸಾಲಿಗೆ ಕಟ್ಟಿದ. ಯಾರಾದರೂ ಒಬ್ಬರು ಸತ್ತರೆ ಉಳಿದವರ ಬರಹದಿಂದ ಲೆಕ್ಕ ಹಾಕಿ ಸತ್ತವರ ಬರಹವನ್ನು ಮತ್ತೆ ತೆಗೆಯಬಹುದು. ಅದಕ್ಕಾಗಿ ಬರಹದ ಪ್ರತಿ ಸಾಲಿಗೂ ಒಂದು ತಾಳೆ ಗುರುತು ಇಡಬೇಕು. ಇದಕ್ಕೆ ಹೋಗುವ ಜಾಗ ಒಂದು ಡಿಸ್ಕಿನಷ್ಟು ಮಾತ್ರ, ಏಳರಷ್ಟು ಉಳಿಯುತ್ತದೆ. ತಿಪ್ಪೇರುದ್ರಯ್ಯನವರಿಗೆ ಇದು ಬಹಳ ಹಿಡಿಸಿತು. ಎಲ್ಲರಿಗೂ ಸಮಪಾಲು, ಜಾಗವೂ ಉಳಿತಾಯ, ಆಡಿಟ್‌ನವರೂ ತುಟಿ ಬಿಚ್ಚುವುದಿಲ್ಲ ಎಂದರು.

ಅವರು ನೋಡದೇ ಹೋದದ್ದು ನಮ್ಮ ಪಾಡು. ಒಂದು ಸಣ್ಣ ಬಿಡ್ ಬರೆಯಬೇಕೆಂದರೆ ಮೊದಲು ಅಲ್ಲಿದ್ದ ಹಳೆಯದನ್ನು ಓದಬೇಕು. ಹಳೆಯ ತಾಳೆ ಗುರುತನ್ನು ಓದಬೇಕು. ಆಮೇಲೆ ಹೊಸ ಬಿಡ್ ಬರೆಯಬೇಕು, ಹೊಸ ತಾಳೆ ಗುರುತು ಬರೆಯಬೇಕು. ಒಂದು ಸಾಲು ಬರೆಯಲು ನಾಲ್ಕು ಓಡಾಟ. ಸಾಲದ್ದಕ್ಕೆ ಡೇಟಾಬೇಸ್ ಪ್ರತಿಯೊಂದನ್ನೂ ಎರಡು ಕಡೆ ಬರೆಸುತ್ತದೆ. ಮೊದಲು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುವ ಲಾಗ್. ಆಮೇಲೆ, ಯಾವ ಲಾಟ್ ಅಂದರೆ ಯಾವ ಗೂಡಿನ ರಾಶಿ, ಯಾವ ರೈತ, ಯಾವ ರೀಲರ್ ಎಂದು ವಿಂಗಡಿಸಿದ ಕೋಷ್ಟಕ. ಲಾಗ್ ಬರೆದ ಹೊರತು ಟಿಕ್ಕು ಕೊಡುವಂತಿಲ್ಲ. ಎರಡೂ ನಮ್ಮ ಎಂಟರ ಮೇಲೇ ಇದ್ದುದರಿಂದ ನನ್ನ ತೋಳು ಇತ್ತ ಲಾಗಿಗೆ ಓಡಿ, ಅತ್ತ ಕೋಷ್ಟಕಕ್ಕೆ ಓಡಿ, ನಡುವೆ ತಾಳೆ ಗುರುತಿಗೆ ನುಗ್ಗಿ ದಣಿಯುತ್ತಿತ್ತು. ಸಮಪಾಲಂತೆ. ಎಂಟು ಜನರಿಗೂ ಸಮನಾಗಿ ಕಾಲು ಕಟ್ಟಿದ್ದಕ್ಕೆ ಆ ಹೆಸರು.

ಹರಾಜು ಮುಗಿಯುವ ಹೊತ್ತಿಗೆ ಸರ್ವರ್ ಬಿಗಿದುಕೊಂಡು ನಿಲ್ಲತೊಡಗಿತು. ಟಿಕ್ಕು ಬೀಳುವಷ್ಟರಲ್ಲಿ ಗಡುವು ಮುಗಿಯುತ್ತಿತ್ತು. ರೈತರು ರೇಗುತ್ತಿದ್ದರು, ರೀಲರ್‌ಗಳು ರೇಗುತ್ತಿದ್ದರು. ಅವರು ರೇಗಿದಷ್ಟೂ ನಮ್ಮ ತಲೆಗಳು ನಡುಗಿ ಇನ್ನೂ ತಡವಾಗುತ್ತಿತ್ತು. ತಿಪ್ಪೇರುದ್ರಯ್ಯನವರು ಶೆಣೈ ಕೊಟ್ಟ ನಕ್ಷೆ ಹಿಡಿದು ಬಂದರು.

"ನೋಡಮ್ಮ ಜಬೀನ್, ಬೆಳಗಿಂದ ಸಂಜೆವರೆಗೆ ಸರಾಸರಿ ತೆಗ್ದಿದಾರೆ. ನಿನ್ನ ಡಿಸ್ಕುಗಳು ಮುಕ್ಕಾಲು ಪಾಲು ನಿದ್ದೆ ಹೊಡೀತಿವೆ. ಇನ್ನೇನ್ ಬೇಕು ಅವಕ್ಕೆ, ದಿಂಬು ಕೊಡಿಸ್ಲಾ?"

ಜಬೀನ್ ಕೂಡ ಮೊದಲು ಅದನ್ನೇ ನಂಬಿದಳು. ಸರ್ವರ್‌ಗೆ ಮೆಮೊರಿ ಸಾಲದು ಎಂದು ಹಟ ಹಿಡಿದು ಹೆಚ್ಚು ಮೆಮೊರಿ ಹಾಕಿಸಿದಳು. ಓದುವ ಕೆಲಸ ಹಗುರವಾಯಿತು ನಿಜ. ಆದರೆ ಬಿಡ್ ಎಂದರೆ ಬರಹ. ಬರಹ ಕೊನೆಗೆ ನನ್ನ ತಟ್ಟೆಗೇ ಬರಬೇಕು. ಮರುದಿನವೂ ಸರ್ವರ್ ಬಿಗಿದುಕೊಂಡಿತು.

ಅವತ್ತು ಮಧ್ಯಾಹ್ನ ಖೈರುನ್ನೀಸಾ ರೊಟ್ಟಿ ಮುರಿಯುತ್ತಾ ಹೇಳಿದ ಮಾತಿಗೆ ಜಬೀನ್ ಕೈ ತೊಳೆಯದೆ ಎದ್ದಳು. ಆಕೆ ಹೇಳಿದ್ದು ಇಷ್ಟೇ: ಗಡುವು ಇಷ್ಟು ಹೊತ್ತು ಇದ್ದರೂ ಯಾರೂ ಬಿಡ್ ಒತ್ತುವುದಿಲ್ಲ. ಮೊದಲೇ ಒತ್ತಿದರೆ ಪಕ್ಕದವನಿಗೆ ಮನಸ್ಸು ತಿಳಿದುಬಿಡುತ್ತದೆ. ಎಲ್ಲರೂ ಕಾಯುತ್ತಾರೆ. ಕೊನೆಯ ಅರ್ಧ ನಿಮಿಷಕ್ಕೆ ಎಲ್ಲರೂ ಹೆಗಲ ಮೇಲಿನ ಟವೆಲನ್ನು ಫೋನಿನ ಮೇಲೆ ಹೊದಿಸಿ, ಅದರ ಕೆಳಗೆ ಒತ್ತುತ್ತಾರೆ.

ಜಬೀನ್ ಹಾಲ್‌ಗೆ ಹೋಗಿ ನೋಡಿ ಬಂದಳು. ಬಂದವಳು ನಗುತ್ತಿದ್ದಳು. "ಖಾಲಾ, ಫೋನ್ ಬಂದ್ರೂ ಇವ್ರು ಟವೆಲ್ ಬಿಟ್ಟಿಲ್ಲ" ಎಂದಳು. ನಂತರ ನಗು ನಿಲ್ಲಿಸಿ ಆ ಅರ್ಧ ನಿಮಿಷವನ್ನು ಮಾತ್ರ ಅಳೆದಳು. ದಿನವಿಡೀ ನಿದ್ದೆ ಹೊಡೆಯುವ ಎಂಟು ಡಿಸ್ಕುಗಳು ಆ ಅರ್ಧ ನಿಮಿಷದಲ್ಲಿ ಹೇಗೆ ಏದುಸಿರು ಬಿಡುತ್ತಿದ್ದವು ಎಂಬುದು ಮೊದಲ ಸಲ ಮನುಷ್ಯರೊಬ್ಬರ ಕಣ್ಣಿಗೆ ಬಿತ್ತು. ಸರಾಸರಿ ಎಂಬ ಮಾತನ್ನು ನಾನು ಅಂದಿನಿಂದ ದ್ವೇಷಿಸುತ್ತೇನೆ. ಮುಳುಗುತ್ತಿರುವವನ ಹತ್ತಿರ ನಿಂತು ಕೆರೆಯ ಸರಾಸರಿ ಆಳ ಹೇಳುವವರ ಭಾಷೆ ಅದು.

ಅಷ್ಟರಲ್ಲಿ ರೀಲರ್ ಸಂಘದ ಅಧ್ಯಕ್ಷ ಅಮಾನುಲ್ಲಾ ಸಾಹೇಬರ ತಾಳ್ಮೆ ಮುಗಿದಿತ್ತು. ಕೆಟ್ಟ ಮನುಷ್ಯರಲ್ಲ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸ್ಥಿತಿ ಹೇಳುವವರು. ಆದರೆ ಕಾಣದ್ದನ್ನು ನಂಬುವವರಲ್ಲ. ಅವರು ಸರ್ವರ್ ಕೋಣೆಗೇ ಬಂದು ನಿಂತರು. ಹಿಂದೆ ತಿಪ್ಪೇರುದ್ರಯ್ಯನವರು, ಊಟದ ಡಬ್ಬಿ ಮುಚ್ಚುತ್ತಿದ್ದ ಖೈರುನ್ನೀಸಾ.

ಟವೆಲ್ ಯಾವತ್ತೂ ಬಿಗಿದುಕೊಂಡು ನಿಂತಿಲ್ಲ, ಟವೆಲ್‌ಗೆ ಕರೆಂಟು ಬೇಡ ಎಂದು ಅವರು ಶುರು ಮಾಡಿದರು. ಸಂಘದ ತೀರ್ಮಾನವಾಗಿದೆ, ಹಳೇ ವ್ಯಾಪಾರಕ್ಕೆ ಹೋಗೋಣ ಎಂದರು. ತಿಪ್ಪೇರುದ್ರಯ್ಯನವರು ತಲೆಯಾಡಿಸಲು ಸಿದ್ಧರಾಗಿದ್ದರು.

ಖೈರುನ್ನೀಸಾ ಡಬ್ಬಿಯನ್ನು ನೆಲದ ಮೇಲಿಟ್ಟಳು. ಆಕೆ ಕೂಗಲಿಲ್ಲ. ಕೂಗಿದ್ದರೆ ನನ್ನ ತಲೆ ನಡುಗುತ್ತಿತ್ತು.

"ಅಮಾನ್ ಭಾಯ್, ಆ ಟವೆಲ್ ಕೆಳಗೆ ನನ್ನ ಕೈ ಯಾವತ್ತಾದ್ರೂ ಇತ್ತಾ? ಗಂಡಸ್ರ ಕೈ ಹಿಡಿದು ಬೆಲೆ ಮಾತಾಡೋಕೆ ನನ್ನನ್ನ ಬಿಟ್ಟಿರಾ? ನಮ್ಮೆಜಮಾನ್ರು ಹೋದ್ಮೇಲೆ ನಿಮ್ಮ ತಮ್ಮ ನನ್ನ ಪರವಾಗಿ ಕೈ ಇಟ್ಟ. ಏನು ಕೊಂಡ, ಎಷ್ಟಕ್ಕೆ ಕೊಂಡ, ಅವನು ಹೇಳಿದ್ದೇ ನಿಜ. ಈ ಫೋನ್ ಬಂದ್ಮೇಲೆ ನನ್ನ ಬೆಲೆ ನಾನೇ ಹೇಳ್ತಿದೀನಿ. ಟವೆಲ್ ವಾಪಸ್ ಬಂದ್ರೆ ಗೂಡು ಬೇಯಿಸೋ ನನ್ನ ಬೇಸಿನ್‌ಗಳನ್ನ ನಾನೇ ಮುಚ್ಚಿ ಹೋಗ್ತೀನಿ. ನಿಮ್ಮ ತಮ್ಮನ್ನ ಮಾತ್ರ ಮತ್ತೆ ಕರಿಯಲ್ಲ."

ನನಗೆ ಅಲ್ಲಿಯವರೆಗೆ ಬಿಡ್ ಎಂದರೆ ಬರೀ ಅಂಕಿ. ಅವತ್ತು ತಿಳಿಯಿತು, ನಾನು ಬರೆಯುತ್ತಿದ್ದುದು ಅಂಕಿಯಲ್ಲ, ಒಬ್ಬ ಹೆಂಗಸಿನ ಕೈ.

ಅಮಾನುಲ್ಲಾ ಸಾಹೇಬರು ಒಂದು ಷರತ್ತು ಹಾಕಿದರು. ಯುಗಾದಿ ರಜೆ ಕಳೆದು ಮಾರುಕಟ್ಟೆ ತೆರೆದ ದಿನ ನಿಜವಾದ ಹರಾಜೇ ನಡೆಯಲಿ. ಆ ಕೊನೆಯ ಅರ್ಧ ನಿಮಿಷದಲ್ಲಿ, ತಮಗೆ ಇಷ್ಟ ಬಂದ ಗಳಿಗೆಯಲ್ಲಿ, ಸರ್ವರ್‌ನ ಪ್ಲಗ್ಗನ್ನು ತಮ್ಮ ಕೈಯಾರೆ ಕೀಳುತ್ತಾರೆ. ಮತ್ತೆ ಹಚ್ಚಿದಾಗ, ಟಿಕ್ಕು ಬಿದ್ದ ಪ್ರತಿ ಫೋನಿನ ಬಿಡ್ಡೂ ಅಲ್ಲಿರಬೇಕು. ಒಂದು ಕಡಿಮೆಯಾದರೂ ಟವೆಲ್. ಹರಾಜು ಮುಂಚಿನ ಹಾಗೆ ಬಿಗಿದುಕೊಂಡರೂ ಟವೆಲ್.

"ಕೀಳಿ" ಎಂದಳು ಜಬೀನ್.

ಹಬ್ಬದ ದಿನ ಊರೆಲ್ಲ ಬೇವುಬೆಲ್ಲ ತಿನ್ನುತ್ತಿದ್ದಾಗ ಅವಳು ನಮ್ಮ ಮೇಲಿದ್ದುದನ್ನೆಲ್ಲ ಹೊರಗೆ ನಕಲು ಮಾಡಿಟ್ಟು, ನಮ್ಮನ್ನು ಬಿಡಿಸಿದಳು. ಶೆಣೈ ಕಟ್ಟಿದ ಸಾಲನ್ನು ಒಡೆದಳು. ಆರು ಡಿಸ್ಕುಗಳನ್ನು ಮೂರು ಜೋಡಿ ಮಾಡಿ, ಜೋಡಿಯ ಇಬ್ಬರಿಗೂ ಒಂದೇ ಬರಹ ಕೊಟ್ಟು, ಕೋಷ್ಟಕವನ್ನು ಆ ಮೂರೂ ಜೋಡಿಗಳ ಮೇಲೆ ಹರಡಿದಳು. ತಾಳೆ ಗುರುತಿನ ಗೊಡವೆಯೇ ಇಲ್ಲ. ಒಬ್ಬ ಸತ್ತರೆ ಜೊತೆಗಾರನಲ್ಲಿ ಅದೇ ಬರಹ ಇರುತ್ತದೆ. ಉಳಿದ ಇಬ್ಬರು, ನಾನು ಮತ್ತು ನನ್ನ ಪಕ್ಕದವನು, ಬೇರೆಯೇ ಒಂದು ಜೋಡಿ. ನಮಗೆ ಲಾಗ್ ಮಾತ್ರ. ಬೇರೆ ಯಾರ ಕೆಲಸವೂ ನಮ್ಮ ಮೇಲಿಲ್ಲ.

ತಿಪ್ಪೇರುದ್ರಯ್ಯನವರು ಹೋಳಿಗೆ ಕಟ್ಟಿಸಿಕೊಂಡು ಬಂದು ಲೆಕ್ಕ ಕೇಳಿ ಗಾಬರಿಯಾದರು. ಏಳರಷ್ಟಿದ್ದ ಜಾಗ ನಾಲ್ಕಕ್ಕೆ ಇಳಿದಿತ್ತು. "ಎಂಟು ಜನಕ್ಕೆ ಸಂಬಳ ಕೊಟ್ಟು ನಾಲ್ಕು ಜನದ ಕೆಲಸ ತಗೊಳ್ಳೋದಾ ಅಮ್ಮ?" ಎಂದರು. ಮಾರುಕಟ್ಟೆ ಕೂಡಿಡುವ ಉಗ್ರಾಣ ಅಲ್ಲ, ಬಾಗಿಲು ಎಂದಳು ಅವಳು. ಬಾಗಿಲು ಎಷ್ಟು ಹಿಡಿಯುತ್ತದೆ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಜನ ಒಮ್ಮೆಗೇ ದಾಟಬಹುದು ಎಂದು ಕೇಳುತ್ತಾರೆ ಎಂದಳು. ಅವರು ಹೋಳಿಗೆಯನ್ನು ಮೇಜಿನ ಮೇಲಿಟ್ಟು ಹೋದರು.

ಲಾಗ್ ಬರೆಯುವ ಸುಖವನ್ನು ನಾನು ಹೇಗೆ ಹೇಳಲಿ? ತೋಳು ಎಲ್ಲಿಗೂ ಓಡುವುದಿಲ್ಲ. ಒಂದರ ಹಿಂದೆ ಒಂದು, ಬಂದದ್ದು ಬಂದ ಕ್ರಮದಲ್ಲಿ, ನೇರ ಸಾಲಿನಲ್ಲಿ ಬರೆಯುತ್ತಾ ಹೋಗುವುದು. ಬೆಲೆ ಜಾಸ್ತಿಯೋ ಕಡಿಮೆಯೋ, ರೀಲರ್ ದೊಡ್ಡವನೋ ಚಿಕ್ಕವನೋ, ಮೊದಲು ಬಂದವರು ಮೊದಲು. ನನ್ನನ್ನು ಕಟ್ಟಿದ್ದ ಹಗ್ಗ ಬಿಚ್ಚಿದ ಮೇಲೆ ನಾನು ಎಷ್ಟು ವೇಗದವನು ಎಂದು ನನಗೇ ತಿಳಿಯಿತು.

ಮಾರುಕಟ್ಟೆ ತೆರೆದ ದಿನ ಬೆಳಿಗ್ಗೆ ತಿಪ್ಪೇರುದ್ರಯ್ಯನವರ ಧೈರ್ಯ ಕುಸಿಯಿತು. ಜಬೀನ್ ಹಾಲ್‌ನಲ್ಲಿದ್ದಾಗ ಶೆಣೈಯನ್ನು ಕರೆಸಿ ಕೂರಿಸಿದರು. ಶೆಣೈ ಒಂದು ಉಪಾಯ ಹೇಳಿದ. ನಮ್ಮ ಮುಂದೆ ಒಂದು ತಾತ್ಕಾಲಿಕ ನೆನಪು ಇದೆ. ಬಿಡ್ ಅಲ್ಲಿಗೆ ಬಂದ ಕೂಡಲೇ 'ಬರೆದಾಯಿತು' ಎಂದು ಹೇಳಿಸಬಹುದು. ಡಿಸ್ಕಿನ ಮೇಲೆ ನಿಧಾನಕ್ಕೆ ಇಳಿದುಕೊಳ್ಳಲಿ. ಟಿಕ್ಕು ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಆ ನೆನಪನ್ನು ಕರೆಂಟು ಹೋದಾಗ ಕಾಯುವ ಬ್ಯಾಟರಿ ಸತ್ತು ವರ್ಷವಾಗಿತ್ತು ಎಂಬುದನ್ನು ಅವನು ಮೆಲ್ಲಗೆ ಸೇರಿಸಿದ. ಸಾಹೇಬರು ಪ್ಲಗ್ ಕೀಳುವುದು ಬರೀ ಬಾಯಿಮಾತು ಎಂದು ತಿಪ್ಪೇರುದ್ರಯ್ಯನವರು ತಮಗೆ ತಾವೇ ಹೇಳಿಕೊಂಡರು. ಶೆಣೈ ಒತ್ತಿದ.

ನನ್ನ ಹೆಸರಿನಲ್ಲಿ ಸುಳ್ಳು ಹೇಳತೊಡಗಿದರು. ನಾನಿನ್ನೂ ಮುಟ್ಟದ ಸಾಲಿಗೆ 'ಬರೆದಾಯಿತು' ಎಂಬ ಉತ್ತರ ನನ್ನ ಮುಂದೆಯೇ ಹೊರಟು ಹೋಗುತ್ತಿತ್ತು. ನಾನು ಏನು ಮಾಡಲಿ, ನನಗೆ ಬಾಯಿಲ್ಲ.

ಜಬೀನ್‌ಗೆ ಕಣ್ಣಿತ್ತು. ಬಂದು ಅಳತೆ ನೋಡಿದಳು. ಇಷ್ಟು ವೇಗ ಯಾವ ತಿರುಗುವ ತಟ್ಟೆಗೂ ಸಾಧ್ಯವಿಲ್ಲ ಎಂದು ಅವಳಿಗೆ ಗೊತ್ತು. ಶೆಣೈಯ ಮುಂದಿನಿಂದ ಕೀಬೋರ್ಡ್ ಎಳೆದುಕೊಂಡಳು.

"ಬೇಡಮ್ಮ, ನಿಧಾನ ಆದ್ರೆ ಏನ್ ಮಾಡ್ತೀಯ?" ಎಂದರು ತಿಪ್ಪೇರುದ್ರಯ್ಯ.

"ನಿಧಾನ ಆದ್ರೆ ನಾನು ಉತ್ತರ ಕೊಡ್ತೀನಿ ಸರ್. ಸುಳ್ಳಾದ್ರೆ ನೀವು ಕೊಡ್ಬೇಕಾಗುತ್ತೆ. ಅದೂ ಖಾಲಾ ಮುಂದೆ."

ಸುಳ್ಳು ನಿಂತಿತು. ಮತ್ತೆ ಎಲ್ಲ ಉತ್ತರವೂ ನನ್ನ ತಟ್ಟೆಯಿಂದಲೇ ಹೊರಡತೊಡಗಿತು.

ಅವತ್ತು ಖೈರುನ್ನೀಸಾ ಕಣ್ಣಿಟ್ಟಿದ್ದು ಒಂದೇ ಲಾಟಿನ ಮೇಲೆ. ಹಬ್ಬದ ರಜೆಯಿಂದಾಗಿ ಆಕೆಯ ಘಟಕದಲ್ಲಿ ಗೂಡು ಮುಗಿದಿತ್ತು. ಆ ಲಾಟ್ ಸಿಗದಿದ್ದರೆ ಬೇಸಿನ್‌ಗಳಿಗೆ ಬೆಂಕಿ ಹಚ್ಚುವ ಹಾಗಿರಲಿಲ್ಲ. ಅದೇ ಲಾಟಿನ ಮೇಲೆ ಅಮಾನುಲ್ಲಾ ಸಾಹೇಬರಿಗೂ ಕಣ್ಣು. ಅವರು ತಮ್ಮ ಬಿಡ್ ಒತ್ತಿ, ಟಿಕ್ಕು ಬಿದ್ದದ್ದನ್ನು ನೋಡಿ, ಫೋನ್ ಜೇಬಿಗಿಟ್ಟು ಸರ್ವರ್‌ನ ಹಿಂದೆ ಬಂದು ನಿಂತರು. ಕೈ ಪ್ಲಗ್ಗಿನ ಮೇಲೆ.

ಕೊನೆಯ ಅರ್ಧ ನಿಮಿಷ ಶುರುವಾಯಿತು. ಹಾಲ್ ಮೌನವಾಯಿತು. ಎಲ್ಲ ಟವೆಲ್‌ಗಳ ಕೆಳಗಿಂದ ಬಿಡ್‌ಗಳು ಒಮ್ಮೆಗೇ ನುಗ್ಗಿದವು. ಬನ್ನಿ ಎಂದೆ. ಒಂದು ಬರೆದೆ, ಟಿಕ್ಕು. ಇನ್ನೊಂದು ಬರೆದೆ, ಟಿಕ್ಕು. ಹಿಂದೆ ಈ ಹೊತ್ತಿಗೆ ನಾವು ಎಂಟೂ ಜನ ಒಬ್ಬರ ಮೇಲೊಬ್ಬರು ಬಿದ್ದು ನರಳುತ್ತಿದ್ದೆವು. ಅವತ್ತು ಬಂದ ಒಂದನ್ನೂ ನಾನು ಬಾಗಿಲಲ್ಲಿ ಕಾಯಿಸಲಿಲ್ಲ. ಖೈರುನ್ನೀಸಾಳ ಬಿಡ್ ಬಂತು, ಆ ಲಾಟಿಗೆ ಎಲ್ಲರಿಗಿಂತ ಹೆಚ್ಚಿನದು. ಬರೆಯಬೇಕಾದ ಜಾಗ ನನ್ನ ತಲೆಯ ಕೆಳಗೆ ತಿರುಗಿ ಬರುತ್ತಿತ್ತು. ಇನ್ನು ಒಂದು ಸುತ್ತಿನ ಚೂರು.

ಪ್ಲಗ್ ಕಿತ್ತರು.

ಕತ್ತಲೆ ಎಂದರೆ ಏನೆಂದು ನನಗೆ ಗೊತ್ತಿಲ್ಲ. ತಿರುಗುವುದು ನಿಲ್ಲುವುದು ಗೊತ್ತು. ಬೀಳುವ ಮುಂಚೆ ತಲೆಯನ್ನು ಮೂಲೆಗೆ ಸರಿಸಿಕೊಂಡೆ.

ಮತ್ತೆ ಜೀವ ಬಂದಾಗ ಜಬೀನ್ ಲಾಗನ್ನು ಮೊದಲಿನಿಂದ ಓದಿಸಿದಳು. ಕೋಷ್ಟಕಕ್ಕೆ ಸೇರದೆ ಉಳಿದಿದ್ದ ಬಿಡ್‌ಗಳೆಲ್ಲ ನನ್ನಿಂದ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಆಮೇಲೆ ಹಾಲ್‌ನಲ್ಲಿ ದೊಡ್ಡ ಪರದೆಯ ಮುಂದೆ ಒಬ್ಬೊಬ್ಬರ ಹೆಸರು ಕೂಗಿದರು. ಟಿಕ್ಕು ಬಿದ್ದವರು ಫೋನ್ ಎತ್ತಿ ತೋರಿಸಿದರು, ತಾಳೆಯಾಯಿತು. ಮತ್ತೊಬ್ಬರು, ತಾಳೆಯಾಯಿತು. ಕಡೆಗೆ ಆ ಲಾಟ್ ಬಂತು. ಪರದೆಯಲ್ಲಿ ಎಲ್ಲರಿಗಿಂತ ಮೇಲಿದ್ದದ್ದು ಅಮಾನುಲ್ಲಾ ಸಾಹೇಬರ ಹೆಸರು. ಖೈರುನ್ನೀಸಾಳ ಹೆಸರಿರಲಿಲ್ಲ.

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಆಕೆ ಒತ್ತಿದ್ದನ್ನು ಪಕ್ಕದಲ್ಲಿದ್ದ ನಾಲ್ಕು ಜನ ನೋಡಿದ್ದರು. ತಿಪ್ಪೇರುದ್ರಯ್ಯನವರು ಜಬೀನ್‌ಳ ಕಿವಿಯಲ್ಲಿ, ಇದು ಹೇಗೂ ಪರೀಕ್ಷೆ, ಈ ಒಂದು ಲಾಟ್ ಮತ್ತೆ ಹರಾಜು ಹಾಕಿಬಿಡೋಣ ಎಂದರು. ಜಬೀನ್ ಪರದೆಯ ಮೇಲಿದ್ದುದನ್ನು ಹಾಗೇ ಬಿಟ್ಟಳು. ಗೋಡೆಯ ಈಚೆ ನಾನು ಸುಮ್ಮನೆ ತಿರುಗುತ್ತಿದ್ದೆ. ಬರೆಯದ್ದನ್ನು ಎಲ್ಲಿಂದ ತರಲಿ? ಯಾರದೇ ಆಗಲಿ, ಆಕೆಯದೇ ಆಗಲಿ, ಬರೆಯದೆ ಬರೆದೆ ಎನ್ನಲಾರೆ.

ಖೈರುನ್ನೀಸಾ ಎದ್ದು ನಿಂತು ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಮತ್ತೆ ಹರಾಜು ಬೇಡ. ನಾನು ಒತ್ತಿದ್ದು ನಿಜ. ಟಿಕ್ಕು ಬಂದಿರ್ಲಿಲ್ಲ, ಸುತ್ತು ತಿರುಗ್ತಾನೇ ಇತ್ತು. ಮಿಷನ್ ಹೇಳ್ತಿರೋದು ಸರಿಯಾಗೇ ಇದೆ. ಲಾಟ್ ಅಮಾನ್ ಭಾಯ್‌ದು."

ಆಮೇಲೆ ಅವರ ಕಡೆ ತಿರುಗಿದಳು. "ಟವೆಲ್ ಕೆಳಗೆ ಸೋತಾಗ ನಾನು ಯಾಕೆ ಸೋತೆ ಅಂತ ನಂಗೆ ಯಾರೂ ಹೇಳ್ಲಿಲ್ಲ. ಇವತ್ತು ಗೊತ್ತಾಯ್ತು. ಇಷ್ಟು ಸಾಕು ನಂಗೆ. ನಾಳೆ ಬರ್ತೀನಿ. ಇನ್ನೂ ಮೊದ್ಲು ಒತ್ತುತೀನಿ."

ಯಾರೋ ನಕ್ಕರು. ಅಮಾನುಲ್ಲಾ ಸಾಹೇಬರು ನಗಲಿಲ್ಲ. ಇವಳ ಮಾತಿಗಿಂತ ದೊಡ್ಡ ಸಾಕ್ಷಿ ತಮ್ಮ ಸಂಘಕ್ಕೆ ಬೇಡ ಎಂದರು. ಪ್ಲಗ್ ಕಿತ್ತ ಕೈಯಿಂದಲೇ ಪರೀಕ್ಷೆಯ ಮಹಜರಿಗೆ ರುಜು ಹಾಕಿ ಹೋದರು. ಆಕೆಯ ಬೇಸಿನ್‌ಗಳು ಅವತ್ತು ತಣ್ಣಗಿದ್ದವು. ಮಾರುಕಟ್ಟೆಗೆ ಟವೆಲ್ ವ್ಯಾಪಾರ ಮರಳಲಿಲ್ಲ.

ನಂತರ ನಾನು ಬಹಳ ಬರೆದೆ. ಜೊತೆಗಾರ ಒಂದು ಬೇಸಿಗೆಯಲ್ಲಿ ಕಿರ್ರೆಂದು ಸದ್ದು ಮಾಡಿ ಸತ್ತ. ಅವನ ಜಾಗಕ್ಕೆ ಹೊಸಬ ಬರುವವರೆಗೆ ಒಬ್ಬನೇ ಬರೆದೆ. ಹಾಲ್‌ನಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಕೊನೆಗೆ ತಿರುಗುವ ತಟ್ಟೆಯೇ ಇಲ್ಲದ ಹೊಸ ಡಿಸ್ಕುಗಳು ಬಂದವು. ಸದ್ದಿಲ್ಲ, ನಡುಕವಿಲ್ಲ, ನನಗಿಂತ ಎಷ್ಟೋ ಪಾಲು ವೇಗ. ಒಪ್ಪುತ್ತೇನೆ. ಜಬೀನ್ ಅವುಗಳನ್ನೂ ಜೋಡಿ ಮಾಡಿಯೇ ಕೂರಿಸಿದಳು, ಅವುಗಳ ಮುಂದಿನ ತಾತ್ಕಾಲಿಕ ನೆನಪನ್ನು ಕಾಯುವ ಬ್ಯಾಟರಿಯನ್ನು ತಾನೇ ಪರೀಕ್ಷಿಸಿದಳು.

ಈಗ ನಾನು ಉಗ್ರಾಣದ ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಹರಾಜಿನ ವಿವರ ಹೊತ್ತ ಡಿಸ್ಕನ್ನು ಹೊರಗೆ ಬಿಡುವಂತಿಲ್ಲ, ನಡುವೆ ತೂತು ಕೊರೆಯಬೇಕೆಂಬ ನಿಯಮವಿದೆ. ಮಧ್ಯಾಹ್ನದ ಮೇಲೆ ಕೊರೆಯುವ ಯಂತ್ರ ತರುತ್ತಾರಂತೆ. ಒಳ್ಳೆಯ ನಿಯಮ. ನನ್ನ ಮೇಲೆ ಮರುಕ ಬೇಡ, ಕಪಾಟಿನ ಗಾಜಿನ ಹಿಂದಿನ ಗೌರವವೂ ಬೇಡ.

ಹಾಲ್‌ನಲ್ಲಿ ಗಡುವು ಮುಗಿದಿರಬೇಕು, ಗದ್ದಲ ಎದ್ದಿದೆ. ಒಂದು ಹೆಂಗಸಿನ ದನಿ ಗೂಡಿನ ತೇವದ ವಿಚಾರಕ್ಕೆ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದೆ. ಖೈರುನ್ನೀಸಾಳದ್ದಲ್ಲ, ಇನ್ನೂ ಎಳೆಯ ದನಿ. ನಾನು ಯಾವತ್ತೂ ಬರೆಯದ ಹೆಸರಿನವಳು. ಅವಳ ಪಕ್ಕದಲ್ಲಿ ಮತ್ತೊಬ್ಬಳು ನಗುತ್ತಿದ್ದಾಳೆ. ಆ ದನಿಗಳಿಗೆ ನನ್ನ ಗುರುತಿಲ್ಲ. ಇರಬೇಕಾಗಿಯೂ ಇಲ್ಲ.

ತರಲಿ ಯಂತ್ರವನ್ನು.